ಡ್ಯಾಶ್‌ಬೋರ್ಡ್ ಕೊನೆಗೆ, ಮೀಟರ್ ಮೊದಲು: ಓಪನ್‌ಟೆಲಿಮೆಟ್ರಿ ಕಲೆಕ್ಟರನ್ನು ಪ್ರೊಮಿಥಿಯಸ್‌ಗೆ ಜೋಡಿಸುವುದು ಹೇಗೆ

ಮಾರ್ಚ್ ಕೊನೆಯ ವಾರ. ಬಾಗಲಕೋಟೆ ನವನಗರದ ಒಂದು ಪತ್ತಿನ ಸಹಕಾರಿ ಸಂಘದಿಂದ ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು. "ಸರ್, ಎಂಟ್ರಿ ಹೊಡದ್ರ ಬರೇ ತಿರಗಾಕ ಹತ್ತೇತ್ರಿ. ಕೌಂಟರ್‌ನ್ಯಾಗ ಮಂದಿ ನಿಂತಾರ್ರಿ." ಹೋಗಿ ನೋಡಿದರೆ ಸರ್ವರ್‌ನ ಡಿಸ್ಕ್ ಪೂರ್ತಿ ತುಂಬಿತ್ತು. ದಿನಾ ರಾತ್ರಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಬರೆದವನು ನಾನೇ. ಹಳೆಯ ಬ್ಯಾಕಪ್ ಅಳಿಸುವ ಸಾಲನ್ನು ಮರೆತವನೂ ನಾನೇ.

ಮಳೆಗಾಲ ಬಂತೆಂದರೆ ನಮ್ಮ ಕಡೆ ಚಹಾದಂಗಡಿಯಲ್ಲಿ ಕೂತವರೂ ಆಲಮಟ್ಟಿಯ ಲೆಕ್ಕ ಹೇಳುತ್ತಾರೆ. ಇವತ್ತು ಮಟ್ಟ ಎಷ್ಟು, ಒಳಹರಿವು ಎಷ್ಟು, ಎಷ್ಟು ಬಿಟ್ಟಿದ್ದಾರೆ, ಎಲ್ಲ ಬಾಯಿತುದಿಯಲ್ಲೇ ಇರುತ್ತದೆ. ಗರಿಷ್ಠ ಮಟ್ಟ 519.60 ಮೀಟರ್, ಅಷ್ಟು ತುಂಬಿದರೆ 123.08 ಟಿಎಂಸಿ. ಇಷ್ಟು ದೊಡ್ಡ ಜಲಾಶಯ ಯಾವಾಗ ತುಂಬುತ್ತದೆ ಅಂತ ಊರಿಗೆಲ್ಲ ಮೊದಲೇ ಗೊತ್ತು. ನನ್ನ 500 ಜಿಬಿ ಡಿಸ್ಕ್ ತುಂಬುವುದು ಮಾತ್ರ ನನಗೆ ಗೊತ್ತಾಗಲಿಲ್ಲ.

ಆ ವಾರವೇ ಕೂತು ಮಾಡಿದ ವ್ಯವಸ್ಥೆಯನ್ನು ಇಲ್ಲಿ ಹೇಳುತ್ತಿದ್ದೇನೆ. ಸರ್ವರ್‌ನ ಸ್ಥಿತಿಯನ್ನು ಓಪನ್‌ಟೆಲಿಮೆಟ್ರಿ ಕಲೆಕ್ಟರ್ ಅಳೆಯುತ್ತದೆ, ಪ್ರೊಮಿಥಿಯಸ್ ಕೂಡಿಡುತ್ತದೆ, ಗ್ರಫಾನಾ ತೋರಿಸುತ್ತದೆ. ಮೂರೂ ಓಪನ್ ಸೋರ್ಸ್, ಮೂರಕ್ಕೂ ದುಡ್ಡು ಕೊಡಬೇಕಾಗಿಲ್ಲ. ಬೇಕಾಗುವುದು ಮೂಲೆಯಲ್ಲಿ ಬಿದ್ದಿರುವ ಒಂದು ಹಳೆ ಪಿಸಿ. 4 ಜಿಬಿ ರ್‍ಯಾಮ್ ಇದ್ದರೆ ಧಾರಾಳ.

ಒಂದು ಮಾತು. ಸೆಟ್ಟಿಂಗ್ ಬರೆಯುವ ಕಾನ್ಫಿಗ್ ಫೈಲ್‌ನಲ್ಲಿ ಬರುವ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲೇ ಮಾಡಬೇಕು. ಎರಡು ಪದದ ಹೆಸರಿದ್ದರೆ ಸಾಮಾನ್ಯವಾಗಿ ನಡುವೆ ಅಂಡರ್‌ಸ್ಕೋರ್ ಬರುತ್ತದೆ.

ಯಾರು ಯಾರ ಬಳಿ ಹೋಗುತ್ತಾರೆ?

ಇದು ತಿಳಿಯದೆ ಕೈ ಹಾಕಿದರೆ ದಾರಿ ತಪ್ಪುವುದು ಗ್ಯಾರಂಟಿ. ನಾನು ಮೊದಲ ದಿನ ತಪ್ಪಿದ್ದೇ ಇಲ್ಲಿ.

ಕಲೆಕ್ಟರ್ ಅಂದರೆ ಡಿಸಿ ಸಾಹೇಬರಲ್ಲ. ಸರ್ವರ್ ಮೇಲೆ ಸುಮ್ನೆ ಕೂತು ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಇವುಗಳ ಅಂಕಿ ಓದುವ ಒಂದು ಸಣ್ಣ ಪ್ರೋಗ್ರಾಂ. ನಿಮ್ಮ ಸ್ವಂತ ಅಪ್ಲಿಕೇಶನ್ ಕಳಿಸುವ ಅಂಕಿಗಳನ್ನೂ ಇದು ತಗೊಳ್ಳುತ್ತದೆ. 2019ರಲ್ಲಿ ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಎಂಬ ಎರಡು ಯೋಜನೆಗಳು ಸೇರಿ ಓಪನ್‌ಟೆಲಿಮೆಟ್ರಿ ಆಯಿತು. ಕಲೆಕ್ಟರ್ ಅಳೆದು ಮುಂದೆ ಸಾಗಿಸುತ್ತದೆ ಅಷ್ಟೇ, ತನ್ನ ಹತ್ತಿರ ಏನೂ ಇಟ್ಟುಕೊಳ್ಳುವುದಿಲ್ಲ.

ಇಟ್ಟುಕೊಳ್ಳುವ ಕೆಲಸ ಪ್ರೊಮಿಥಿಯಸ್‌ನದು. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಹುಟ್ಟಿದ್ದು, 2016ರಲ್ಲಿ ಕುಬರ್ನೆಟೀಸ್ ನಂತರ ಸಿಎನ್‌ಸಿಎಫ್ (ಇಂಥ ಓಪನ್ ಸೋರ್ಸ್ ಯೋಜನೆಗಳನ್ನು ನೋಡಿಕೊಳ್ಳುವ ಸಂಸ್ಥೆ) ಸೇರಿದ ಎರಡನೇ ಯೋಜನೆ. ಇದರ ಸ್ವಭಾವ ಮೀಟರ್ ರೀಡರ್‌ನದು. ಯಾರೂ ತನ್ನ ಬಳಿ ಬಂದು ಲೆಕ್ಕ ಒಪ್ಪಿಸಲಿ ಅಂತ ಕಾಯುವುದಿಲ್ಲ. ತಾನೇ ಮನೆಮನೆಗೆ ಹೋಗಿ, ಮೀಟರ್ ನೋಡಿ, ಬರೆದುಕೊಂಡು ಬರುತ್ತದೆ. ಈ ಸುತ್ತಿಗೆ ಸ್ಕ್ರೇಪ್ ಅನ್ನುತ್ತಾರೆ.

ಮನೆಗೆ ಬೀಗ ಇದ್ದರೆ ಕರೆಂಟ್ ಬಿಲ್ ಮೇಲೆ 'ಡೋರ್ ಲಾಕ್' ಅಂತ ಬರುತ್ತದಲ್ಲ, ಪ್ರೊಮಿಥಿಯಸ್ ಕೂಡ ಹಾಗೇ ಒಂದು ಗುರುತು ಹಾಕುತ್ತದೆ. ಅದರ ಹೆಸರು 'ಅಪ್'. ಮೀಟರ್ ಓದಲು ಸಿಕ್ಕರೆ 1, ಸಿಗದಿದ್ದರೆ 0. ಬಾಗಿಲು ಹಾಕಿತ್ತು ಅಂದ ಮಾತ್ರಕ್ಕೆ ಆ ತಿಂಗಳು ಕರೆಂಟ್ ಸುಟ್ಟಿಲ್ಲ ಅಂತ ಅಲ್ಲ. ಅಂಕಿ ಬರಲಿಲ್ಲ ಅನ್ನುವುದು ಬೇರೆ, ಅಂಕಿ ಸೊನ್ನೆ ಅನ್ನುವುದು ಬೇರೆ. ಮುಂದೆ ಎಚ್ಚರಿಕೆ ಮೆಸೇಜ್ ಇಡುವಾಗ ಇದು ಮತ್ತೆ ಬರುತ್ತದೆ.

ಜೋಡಿಸುವಾಗ ನನ್ನದು ಒಂದೇ ನಿಯಮ: ಕಾಲುವೆಗೆ ನೀರು ಬರದಿದ್ದರೆ ಕೊನೆಯ ಹೊಲದಲ್ಲಿ ನಿಂತು ತಲೆ ಕೆರೆದುಕೊಂಡು ಪ್ರಯೋಜನ ಇಲ್ಲ, ಗೇಟಿನಿಂದ ಕೆಳಗೆ ನಡೆದು ಬರಬೇಕು. ಗ್ರಫಾನಾ ಆ ಕೊನೆಯ ಹೊಲ. ತುಂಬಾ ಜನ ಅದನ್ನೇ ಮೊದಲು ಇನ್‌ಸ್ಟಾಲ್ ಮಾಡಿ 'ನೋ ಡೇಟಾ' ಅಂತ ಬಂದದ್ದನ್ನು ನೋಡುತ್ತಾ ಕೂರುತ್ತಾರೆ.

ಹೆಜ್ಜೆ 1: ಸರ್ವರ್ ಮೇಲೆ ಕಲೆಕ್ಟರ್

ಉದಾಹರಣೆಗೆ ಸಂಘದ ಸರ್ವರ್‌ನ ಐಪಿ 192.168.1.10, ಹಳೆ ಪಿಸಿಯದು 192.168.1.20 ಅಂತ ಇಟ್ಟುಕೊಳ್ಳೋಣ. ಎರಡರಲ್ಲೂ ಉಬುಂಟು. ಎರಡಕ್ಕೂ ರೂಟರ್‌ನಲ್ಲಿ ಐಪಿ ಖಾಯಂ ಮಾಡಿಡಿ. ಕರೆಂಟ್ ಹೋಗಿ ಬಂದಾಗ ಐಪಿ ಬದಲಾದರೆ ಮಾಡಿದ್ದೆಲ್ಲ ಹೋಯಿತು.

ಕಲೆಕ್ಟರ್‌ನಲ್ಲಿ ಬೇರೆ ಬೇರೆ ಪ್ಯಾಕೇಜ್ ಇವೆ. 'ಕಾಂಟ್ರಿಬ್' ಅನ್ನುವುದನ್ನು ತಗೊಳ್ಳಿ, ಅದರಲ್ಲಿ ಬೇಕಾದ ಭಾಗಗಳು ಜಾಸ್ತಿ ಇರುತ್ತವೆ. ಡೆಬ್ ಫೈಲ್ ಇಳಿಸಿ ಇನ್‌ಸ್ಟಾಲ್ ಮಾಡಿದರೆ ಅದು ತಾನೇ ಒಂದು ಸರ್ವಿಸ್ ಆಗಿ ಓಡುತ್ತದೆ. ಇದನ್ನು ಡಾಕರ್‌ನಲ್ಲಿ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಕೋಣೆಯಲ್ಲಿಟ್ಟು ಓಡಿಸುವ ಸಾಧನ) ಹಾಕಬೇಡಿ. ಕಂಟೇನರ್ ಒಳಗೆ ಕೂತ ಕಲೆಕ್ಟರ್‌ಗೆ ಹೊರಗಿನ ಡಿಸ್ಕ್ ಕಾಣಿಸಬೇಕಾದರೆ ಬೇರೆ ಮೌಂಟ್ ಕೊಡಬೇಕು, ಸುಮ್ನೆ ತಲೆನೋವು.

ಇದರ ಕಾನ್ಫಿಗ್ ಫೈಲ್ 'ಇಟಿಸಿ' ಫೋಲ್ಡರ್ ಒಳಗೆ, ಕಲೆಕ್ಟರ್ ಹೆಸರಿನ ಫೋಲ್ಡರ್‌ನಲ್ಲಿ ಇರುತ್ತದೆ. ಅದು ಯಾಮಲ್ ಫೈಲ್, ಅಂದರೆ ಯಾವುದು ಯಾವುದರ ಒಳಗೆ ಅನ್ನುವುದನ್ನು ಸಾಲಿನ ಶುರುವಿನ ಖಾಲಿ ಜಾಗದಿಂದ ಗುರುತಿಸುವ ಪಠ್ಯ ಫೈಲ್. ಆ ಜಾಗ ಬಿಡಲು ಸ್ಪೇಸ್ ಮಾತ್ರ ಒತ್ತಿ, ಟ್ಯಾಬ್ ಒತ್ತಿದರೆ ಫೈಲ್ ಓಡುವುದಿಲ್ಲ. ಒಳಗೆ ನಾಲ್ಕು ತಲೆಬರಹ: ರಿಸೀವರ್ಸ್, ಪ್ರೊಸೆಸರ್ಸ್, ಎಕ್ಸ್‌ಪೋರ್ಟರ್ಸ್, ಸರ್ವಿಸ್.

ರಿಸೀವರ್ಸ್ ಕೆಳಗೆ 'ಹೋಸ್ಟ್‌ಮೆಟ್ರಿಕ್ಸ್' ಬರೆಯಿರಿ. ಅದರ ಒಳಗೆ ಕಲೆಕ್ಷನ್ ಇಂಟರ್ವಲ್ 15 ಸೆಕೆಂಡ್. ಏನೂ ಬರೆಯದಿದ್ದರೆ 1 ನಿಮಿಷ. ನಂತರ ಸ್ಕ್ರೇಪರ್ಸ್ ಅಂತ ಬರೆದು ಸಿಪಿಯು, ಮೆಮೊರಿ, ಫೈಲ್‌ಸಿಸ್ಟಂ, ಲೋಡ್, ನೆಟ್‌ವರ್ಕ್ ಒಂದೊಂದನ್ನೂ ಒಂದೊಂದು ಸಾಲಿನಲ್ಲಿ, ಹೆಸರಿನ ಕೊನೆಗೆ ಕೋಲನ್ ಹಾಕಿ ಬಿಡಿ.

ಇಲ್ಲೇ ಒಂದು ಕಾಟ ಇದೆ. ಉಬುಂಟುವಿನಲ್ಲಿ ಸ್ನ್ಯಾಪ್ ಪ್ಯಾಕೇಜುಗಳು ಒಂದೊಂದೂ ಒಂದು ಪುಟ್ಟ ಡಿಸ್ಕ್ ಥರ ಮೌಂಟ್ ಆಗಿರುತ್ತವೆ. ಅವು ಓದಲು ಮಾತ್ರ ಇರುವಂಥವು, ಹಾಗಾಗಿ ಹುಟ್ಟಿದಾಗಿನಿಂದ 100 ಪರ್ಸೆಂಟ್ ತುಂಬಿಯೇ ಇರುತ್ತವೆ. ಬಿಟ್ಟರೆ ಡಿಸ್ಕ್ ತುಂಬಿದೆ ಅಂತ ದಿನವಿಡೀ ಸುಳ್ಳು ಎಚ್ಚರಿಕೆ ಬರುತ್ತದೆ. ಅದಕ್ಕೆ ಫೈಲ್‌ಸಿಸ್ಟಂ ಕೆಳಗೆ 'ಎಕ್ಸ್‌ಕ್ಲೂಡ್ ಎಫ್‌ಎಸ್ ಟೈಪ್ಸ್' ಅಂತ ಬರೆದು ಸ್ಕ್ವಾಶ್‌ಎಫ್‌ಎಸ್, ಟೆಂಪ್‌ಎಫ್‌ಎಸ್ ಎರಡನ್ನೂ ಹೊರಗಿಡಿ. ಎರಡನೆಯದನ್ನು ಫೈಲ್‌ನಲ್ಲಿ ಟಿ-ಎಂ-ಪಿ ಅಕ್ಷರಗಳಿಂದ ಶುರು ಮಾಡಿ ಬರೆಯಬೇಕು. ಮ್ಯಾಚ್ ಟೈಪ್ 'ಸ್ಟ್ರಿಕ್ಟ್' ಇರಲಿ.

ಪ್ರೊಸೆಸರ್ಸ್‌ನಲ್ಲಿ ಎರಡು ಸಾಕು: ಮೊದಲು ಮೆಮೊರಿ ಲಿಮಿಟರ್ (ರ್‍ಯಾಮ್ ಬಳಕೆಗೆ ಮಿತಿ ಹಾಕುವುದು), ಆಮೇಲೆ ಬ್ಯಾಚ್ (ಅಂಕಿಗಳನ್ನು ಕಂತು ಕಟ್ಟಿ ಕಳಿಸುವುದು). ಮೆಮೊರಿ ಲಿಮಿಟರ್ ಯಾವಾಗಲೂ ಮೊದಲೇ ಇರಬೇಕು. ನೋಡುವುದಕ್ಕೆಂದು ಇಟ್ಟ ಪ್ರೋಗ್ರಾಮೇ ಸರ್ವರ್‌ನ ರ್‍ಯಾಮ್ ತಿಂದು ಹಾಕಬಾರದಲ್ವಾ?

ಎಕ್ಸ್‌ಪೋರ್ಟರ್ಸ್‌ನಲ್ಲೂ ಎರಡು. ಒಂದು 'ಪ್ರೊಮಿಥಿಯಸ್', ಅದರ ಎಂಡ್‌ಪಾಯಿಂಟ್ (ಅಂಕಿ ಓದಲು ಸಿಗುವ ವಿಳಾಸ) 0.0.0.0:8889. ಲೋಕಲ್‌ಹೋಸ್ಟ್ ಅಂತ ಬರೆದರೆ ಆ ಸರ್ವರ್ ಬಿಟ್ಟು ಬೇರೆ ಯಾರಿಗೂ ಬಾಗಿಲು ತೆರೆಯುವುದಿಲ್ಲ. ಇನ್ನೊಂದು 'ಡೀಬಗ್', ಇದು ಬಂದ ಅಂಕಿಯನ್ನು ಲಾಗ್‌ನಲ್ಲಿ ಬರೆಯುತ್ತದೆ. ವರ್ಬಾಸಿಟಿ 'ಡೀಟೇಲ್ಡ್' ಮಾಡಿದರೆ ಪ್ರತಿ ಅಂಕಿಯೂ ಕಾಣುತ್ತದೆ. ಇದು ಮೊದಲ ದಿನಕ್ಕೆ ಮಾತ್ರ. ಮರೆತು ಬಿಟ್ಟರೆ ಲಾಗ್ ಬೆಳೆದು ಮತ್ತೆ ಡಿಸ್ಕ್ ತುಂಬುತ್ತದೆ.

ಕೊನೆಗೆ ಸರ್ವಿಸ್. ಅದರ ಒಳಗೆ ಪೈಪ್‌ಲೈನ್ಸ್, ಅದರ ಒಳಗೆ ಮೆಟ್ರಿಕ್ಸ್, ಅದರ ಒಳಗೆ ಮೇಲೆ ಬರೆದ ಮೂರು ಗುಂಪಿನ ಹೆಸರುಗಳನ್ನು ಪಟ್ಟಿ ಮಾಡಬೇಕು. ಮೇಲೆ ಬರೆದದ್ದು ಬರೀ ಪರಿಚಯ. ಪೈಪ್‌ಲೈನ್‌ನಲ್ಲಿ ಹೆಸರು ಇಲ್ಲದ ಭಾಗ ಕೆಲಸವನ್ನೇ ಮಾಡುವುದಿಲ್ಲ, ಯಾಕೆ ಮಾಡುತ್ತಿಲ್ಲ ಅಂತ ಜಗಳವನ್ನೂ ಆಡುವುದಿಲ್ಲ. ನಾನು ಎಕ್ಸ್‌ಪೋರ್ಟರ್ ಬರೆದು ಪೈಪ್‌ಲೈನ್‌ಗೆ ಸೇರಿಸದೆ ಒಂದು ಇಡೀ ಸಂಜೆ ಕಳೆದಿದ್ದೇನೆ.

ಫೈಲ್ ಉಳಿಸಿದ ಮೇಲೆ ಕಲೆಕ್ಟರ್‌ನದೇ 'ವ್ಯಾಲಿಡೇಟ್' ಕಮಾಂಡ್ ಕೊಡಿ. ತಪ್ಪಿದ್ದರೆ ಹೇಳುತ್ತದೆ, ಇಲ್ಲದಿದ್ದರೆ ಏನೂ ಮಾತಾಡುವುದಿಲ್ಲ. ನಂತರ ಸರ್ವಿಸ್ ರೀಸ್ಟಾರ್ಟ್ ಮಾಡಿ ಜರ್ನಲ್‌ಸಿಟಿಎಲ್‌ನಲ್ಲಿ ಲಾಗ್ ನೋಡಿ. ಡೀಬಗ್‌ನ ಸಾಲುಗಳು ಉರುಳುತ್ತಿದ್ದರೆ ಮೀಟರ್ ತಿರುಗುತ್ತಿದೆ ಅಂತ ಅರ್ಥ.

ಹೆಜ್ಜೆ 2: ಬಾಗಿಲು ತೆರೆದಿದೆಯಾ?

ಸರ್ವರ್ ಮೇಲೆಯೇ ಕರ್ಲ್ ಕಮಾಂಡ್‌ನಿಂದ ಲೋಕಲ್‌ಹೋಸ್ಟ್‌ನ 8889ನೇ ಪೋರ್ಟ್, ಮುಂದೆ ಸ್ಲಾಶ್ ಮೆಟ್ರಿಕ್ಸ್ ಅಂತ ಕೇಳಿ. ಅಂಕಿಗಳ ಉದ್ದನೆಯ ಪಟ್ಟಿ ಬರಬೇಕು. ಬಂತಾ? ಈಗ ಹಳೆ ಪಿಸಿಗೆ ಹೋಗಿ ಅದೇ ಪ್ರಶ್ನೆಯನ್ನು 192.168.1.10ಕ್ಕೆ ಕೇಳಿ. ಇಲ್ಲಿ ಬರದೆ ಅಲ್ಲಿ ಮಾತ್ರ ಬಂದರೆ ಫೈರ್‌ವಾಲ್ ಅಡ್ಡ ನಿಂತಿದೆ. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಓಡುತ್ತಿದ್ದರೆ 8889 ಪೋರ್ಟನ್ನು 192.168.1.20ಕ್ಕೆ ಮಾತ್ರ ಬಿಡಿ. ಎಲ್ಲರಿಗೂ ತೆರೆಯಬೇಡಿ, ಈ ಪಟ್ಟಿಗೆ ಪಾಸ್‌ವರ್ಡ್ ಇಲ್ಲ.

ಪಟ್ಟಿಯಲ್ಲಿ ಹೆಸರುಗಳು ಸ್ವಲ್ಪ ಬದಲಾಗಿರುತ್ತವೆ, ಗಾಬರಿಯಾಗಬೇಡಿ. ಓಪನ್‌ಟೆಲಿಮೆಟ್ರಿ ಹೆಸರಿನ ನಡುವೆ ಚುಕ್ಕೆ ಇಡುತ್ತದೆ. ಪ್ರೊಮಿಥಿಯಸ್ ಕಡೆ ಅದು ಅಂಡರ್‌ಸ್ಕೋರ್ ಆಗುತ್ತದೆ. ಕೊನೆಗೆ ಬೈಟ್ಸ್, ಸೆಕೆಂಡ್ಸ್ ಅಂತ ಅಳತೆ ಸೇರುತ್ತದೆ. ಏರುತ್ತಲೇ ಹೋಗುವ ಲೆಕ್ಕವಾದರೆ 'ಟೋಟಲ್' ಅಂತ ಬಾಲ ಬರುತ್ತದೆ.

ಹೆಜ್ಜೆ 3: ಪ್ರೊಮಿಥಿಯಸ್‌ಗೆ ವಿಳಾಸ ಕೊಡಿ

ಹಳೆ ಪಿಸಿಯಲ್ಲಿ ಡಾಕರ್ ಕಂಪೋಸ್ (ಹಲವು ಕಂಟೇನರ್‌ಗಳನ್ನು ಒಂದೇ ಫೈಲ್‌ನಿಂದ ಓಡಿಸುವ ಸಾಧನ) ಹಾಕಿ ಪ್ರೊಮಿಥಿಯಸ್ ಮತ್ತು ಗ್ರಫಾನಾ ಎರಡನ್ನೂ ಒಂದೇ ಫೈಲ್‌ನಲ್ಲಿ ಎಬ್ಬಿಸಿ. ಎರಡಕ್ಕೂ ವಾಲ್ಯೂಮ್ (ಕಂಟೇನರ್ ಹೊರಗೆ ಉಳಿಯುವ ಜಾಗ) ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಕಂಟೇನರ್ ತೆಗೆದು ಹೊಸದು ಹಾಕಿದ ದಿನ ಕೂಡಿಟ್ಟದ್ದೆಲ್ಲ ಹೋಗುತ್ತದೆ.

ಪ್ರೊಮಿಥಿಯಸ್‌ನ ಯಾಮಲ್ ಫೈಲ್‌ನಲ್ಲಿ 'ಸ್ಕ್ರೇಪ್ ಕಾನ್ಫಿಗ್ಸ್' ಕೆಳಗೆ ಒಂದು ಜಾಬ್ ಬರೆಯಿರಿ. ಹೆಸರು 'ಸಂಘ' ಅಂತಲೇ ಇರಲಿ, ಇಂಟರ್ವಲ್ 15 ಸೆಕೆಂಡ್. ಸ್ಟ್ಯಾಟಿಕ್ ಕಾನ್ಫಿಗ್ಸ್ ಒಳಗೆ ಟಾರ್ಗೆಟ್ 192.168.1.10:8889. ಐಪಿ ಮತ್ತು ಪೋರ್ಟ್, ಅಷ್ಟೇ. ಶುರುವಿನಲ್ಲಿ ಎಚ್‌ಟಿಟಿಪಿ ಹಾಕಬಾರದು, ಕೊನೆಗೆ ಸ್ಲಾಶ್ ಮೆಟ್ರಿಕ್ಸ್ ಹಾಕಬಾರದು. ಅವೆರಡನ್ನೂ ಅದು ತಾನೇ ಸೇರಿಸಿಕೊಳ್ಳುತ್ತದೆ. 'ಪ್ರಾಮ್‌ಟೂಲ್' ಎಂಬ ಜೊತೆಗಾರ ಕಮಾಂಡ್‌ನಿಂದ ಫೈಲ್ ಸರಿ ಇದೆಯಾ ನೋಡಿ, ರೀಸ್ಟಾರ್ಟ್ ಮಾಡಿ.

ಬ್ರೌಸರ್‌ನಲ್ಲಿ ಪಿಸಿಯ 9090 ಪೋರ್ಟ್ ತೆರೆದು, ಸ್ಟೇಟಸ್ ಮೆನುವಿನಲ್ಲಿ ಟಾರ್ಗೆಟ್ಸ್ ಪುಟಕ್ಕೆ ಹೋಗಿ. ಹಸಿರು ಬಣ್ಣದಲ್ಲಿ 'ಅಪ್' ಅಂತ ಇದ್ದರೆ ಅರ್ಧ ಕೆಲಸ ಮುಗಿಯಿತು. ಕೆಂಪು ಇದ್ದರೆ ಪಕ್ಕದಲ್ಲೇ ಕಾರಣ ಇರುತ್ತದೆ. ಅದನ್ನು ಓದುವುದು ಕಲಿತರೆ ಬೇರೆಯವರನ್ನು ಕೇಳುವ ಪ್ರಸಂಗವೇ ಬರುವುದಿಲ್ಲ.

'ಕನೆಕ್ಷನ್ ರೆಫ್ಯೂಸ್ಡ್' ಅಂದರೆ ಮನೆ ಸಿಕ್ಕಿತು, ಆದರೆ ಆ ಬಾಗಿಲಲ್ಲಿ ಯಾರೂ ಇಲ್ಲ. ಕಲೆಕ್ಟರ್ ಓಡುತ್ತಿಲ್ಲ, ಅಥವಾ ಲೋಕಲ್‌ಹೋಸ್ಟ್‌ಗೆ ಮಾತ್ರ ಕಿವಿಗೊಟ್ಟು ಕೂತಿದೆ. 'ಕಾಂಟೆಕ್ಸ್ಟ್ ಡೆಡ್‌ಲೈನ್ ಎಕ್ಸೀಡೆಡ್' ಅಂದರೆ 10 ಸೆಕೆಂಡ್ ಬಾಗಿಲು ಬಡಿದರೂ ಉತ್ತರ ಇಲ್ಲ. ಹೆಚ್ಚಾಗಿ ಫೈರ್‌ವಾಲ್, ಇಲ್ಲವೇ ಐಪಿ ತಪ್ಪು. 'ನೋ ರೂಟ್ ಟು ಹೋಸ್ಟ್' ಬಂದರೆ ಮೊದಲು ಹೋಗಿ ಕೇಬಲ್ ನೋಡಿ. ನಮ್ಮಲ್ಲಿ ಒಮ್ಮೆ ಕಸ ಗುಡಿಸುವಾಗ ಪೊರಕೆ ಸಿಕ್ಕಿಸಿಕೊಂಡು ಸ್ವಿಚ್‌ನ ಪ್ಲಗ್ ಕಿತ್ತು ಬಂದಿತ್ತು. ನಾನು ಮುಕ್ಕಾಲು ಗಂಟೆ ಕಾನ್ಫಿಗ್ ಓದುತ್ತಿದ್ದೆ. '404' ಬಂದರೆ ಬಾಗಿಲು ಸರಿ, ದಾರಿ ತಪ್ಪು.

ಜಾಗದ ಚಿಂತೆ ಬೇಡ. ಪ್ರೊಮಿಥಿಯಸ್ ಒಂದು ಅಂಕಿಗೆ ಸರಾಸರಿ 1ರಿಂದ 2 ಬೈಟ್ ಮಾತ್ರ ತಗೊಳ್ಳುತ್ತದೆ. 500 ಸಾಲು ಅಂಕಿಗಳನ್ನು 15 ಸೆಕೆಂಡಿಗೊಮ್ಮೆ ಓದಿದರೂ ದಿನಕ್ಕೆ 6 ಎಂಬಿ ದಾಟುವುದಿಲ್ಲ. ಏನೂ ಹೇಳದಿದ್ದರೆ 15 ದಿನದ ಲೆಕ್ಕ ಇಟ್ಟುಕೊಳ್ಳುತ್ತದೆ. ರಿಟೆನ್ಶನ್ ಟೈಮ್ ಬದಲಿಸಿ ನಾನು 90 ದಿನ ಮಾಡಿದ್ದೇನೆ, ಮಾರ್ಚ್ ತಿಂಗಳ ಭಾರವನ್ನು ಜೂನ್‌ನಲ್ಲಿ ಕೂತು ನೋಡಬಹುದು.

ಹೆಜ್ಜೆ 4: ಗ್ರಫಾನಾ

ಪೋರ್ಟ್ 3000. ಮೊದಲ ಸಲ ಹೆಸರು, ಪಾಸ್‌ವರ್ಡ್ ಎರಡೂ 'ಅಡ್ಮಿನ್'. ಕೂಡಲೇ ಬದಲಿಸಿ. ಕನೆಕ್ಷನ್ಸ್ ಮೆನುವಿನಲ್ಲಿ ಡೇಟಾ ಸೋರ್ಸಸ್, ಅಲ್ಲಿ ಹೊಸದು ಸೇರಿಸಲು ಒತ್ತಿ ಪ್ರೊಮಿಥಿಯಸ್ ಆರಿಸಿ.

ಯುಆರ್‌ಎಲ್ ಕೇಳುವ ಜಾಗದಲ್ಲಿ ಹತ್ತಕ್ಕೆ ಒಂಬತ್ತು ಜನ ಲೋಕಲ್‌ಹೋಸ್ಟ್ 9090 ಅಂತ ಹಾಕುತ್ತಾರೆ. ಬ್ರೌಸರ್‌ನಲ್ಲಿ ಅದು ತೆರೆಯುತ್ತದಲ್ಲ, ಇಲ್ಲೂ ಆಗಬೇಕು ಅನ್ನಿಸುವುದು ಸಹಜ. ಆದರೆ ಈ ವಿಳಾಸ ಹುಡುಕುವುದು ನಿಮ್ಮ ಬ್ರೌಸರ್ ಅಲ್ಲ, ಗ್ರಫಾನಾ. ಅದು ತನ್ನ ಕಂಟೇನರ್ ಒಳಗೆ ಕೂತಿದೆ. ಅಲ್ಲಿ ಲೋಕಲ್‌ಹೋಸ್ಟ್ ಅಂದರೆ ಅದರದೇ ಕೋಣೆ, ಆ ಕೋಣೆಯಲ್ಲಿ ಪ್ರೊಮಿಥಿಯಸ್ ಇಲ್ಲ. ಕಂಪೋಸ್ ಫೈಲ್‌ನಲ್ಲಿ ಕೊಟ್ಟ ಸರ್ವಿಸ್ ಹೆಸರನ್ನೇ ಹಾಕಿ: ಎಚ್‌ಟಿಟಿಪಿ, ಕೋಲನ್, ಎರಡು ಸ್ಲಾಶ್, ಪ್ರೊಮಿಥಿಯಸ್, ಕೋಲನ್, 9090. ಇಲ್ಲಿ ಎಚ್‌ಟಿಟಿಪಿ ಬೇಕು, ಹಿಂದಿನ ಹೆಜ್ಜೆಯಲ್ಲಿ ಬೇಡವಾಗಿತ್ತು. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ.

ಅದೇ ಪುಟದಲ್ಲಿ ಸ್ಕ್ರೇಪ್ ಇಂಟರ್ವಲ್ ಅಂತ ಒಂದು ಖಾನೆ ಇದೆ. ಪ್ರೊಮಿಥಿಯಸ್‌ನಲ್ಲಿ ಎಷ್ಟು ಇಟ್ಟಿದ್ದೀರೋ ಇಲ್ಲೂ ಅಷ್ಟೇ ಇಡಿ. ಕೆಳಗೆ 'ಸೇವ್ ಆ್ಯಂಡ್ ಟೆಸ್ಟ್' ಒತ್ತಿದರೆ ಹಸಿರು ಪಟ್ಟಿ ಬರಬೇಕು.

ಮಟ್ಟ, ಹರಿವು, ಒಟ್ಟು

ಈಗ ಏನನ್ನು ನೋಡುವುದು? ಇದಕ್ಕೆ ಆಲಮಟ್ಟಿಯ ಲೆಕ್ಕವೇ ಸಾಕು.

ಜಲಾಶಯದ ಮಟ್ಟ ಏರುತ್ತದೆ, ಇಳಿಯುತ್ತದೆ. ಇಂಥ ಅಂಕಿಗೆ ಗೇಜ್ ಅನ್ನುತ್ತಾರೆ. ಡಿಸ್ಕ್ ಬಳಕೆ, ಮೆಮೊರಿ ಈ ಜಾತಿಯವು. ಹಾಗೇ ನೋಡಬಹುದು. ಜೂನ್‌ನಿಂದ ಇವತ್ತಿನವರೆಗೆ ಬಂದ ಒಟ್ಟು ನೀರು ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ಅದು ಕೌಂಟರ್. ಸಿಪಿಯು ಸಮಯ, ನೆಟ್‌ವರ್ಕ್‌ನಲ್ಲಿ ಹೋದ ಬೈಟ್‌ಗಳು ಈ ಜಾತಿ. ಕೌಂಟರನ್ನು ಹಾಗೇ ಗ್ರಾಫ್ ಹಾಕಿದರೆ ಮೇಲಕ್ಕೆ ಹೋಗುವ ಒಂದು ಗೆರೆ ಕಾಣುತ್ತದೆ, ಅಷ್ಟರಿಂದ ಏನೂ ತಿಳಿಯುವುದಿಲ್ಲ. ಚಹಾದಂಗಡಿಯಲ್ಲಿ ಒಳಹರಿವು ಎಷ್ಟು ಅಂತ ಕೇಳುವವರು ಒಟ್ಟು ನೀರನ್ನು ಕೇಳುವುದಿಲ್ಲ, ಕ್ಯೂಸೆಕ್ ಕೇಳುತ್ತಾರೆ. ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ. ಸುಮಾರು 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ. ಪ್ರೊಮಿಥಿಯಸ್‌ನಲ್ಲಿ ಟೋಟಲನ್ನು ಕ್ಯೂಸೆಕ್ ಮಾಡಿಕೊಡುವ ಫಂಕ್ಷನ್ 'ರೇಟ್'. 'ಟೋಟಲ್' ಬಾಲ ಇರುವ ಯಾವ ಅಂಕಿಗೂ ಮೊದಲು ರೇಟ್ ಹಾಕಿ. ಬ್ರಾಕೆಟ್‌ನಲ್ಲಿ ಕೊಡುವ ಅವಧಿ ಸ್ಕ್ರೇಪ್ ಇಂಟರ್ವಲ್‌ನ ನಾಲ್ಕು ಪಟ್ಟಾದರೂ ಇರಲಿ. 15 ಸೆಕೆಂಡಿಗೆ 1 ನಿಮಿಷ. ಅವಧಿ ತೀರಾ ಚಿಕ್ಕದಾದರೆ ಒಳಗೆ ಎರಡು ರೀಡಿಂಗ್ ಕೂಡ ಸಿಗದೆ ಗ್ರಾಫ್ ಖಾಲಿ ಬರುತ್ತದೆ.

ಡಿಸ್ಕ್‌ಗೆ ನಾನು ಇಟ್ಟದ್ದು ಎರಡೇ ಪ್ರಶ್ನೆ. ಒಂದು, ಫೈಲ್‌ಸಿಸ್ಟಂ ಯೂಸೇಜ್‌ನಲ್ಲಿ ಸ್ಟೇಟ್ 'ಯೂಸ್ಡ್' ಇರುವುದನ್ನು ಎಲ್ಲ ಸ್ಟೇಟ್‌ಗಳ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಎಷ್ಟು? ಎರಡೂ ಕಡೆ ಮೌಂಟ್‌ಪಾಯಿಂಟ್ ಪ್ರಕಾರ ಸಮ್ ಮಾಡಬೇಕು, ಇಲ್ಲದಿದ್ದರೆ ಲೇಬಲ್ (ಅಂಕಿಗೆ ಅಂಟಿಸಿದ ಗುರುತಿನ ಚೀಟಿ) ಹೊಂದದೆ ಉತ್ತರ ಖಾಲಿ ಬರುತ್ತದೆ. ಎರಡು, ಇದೇ ವೇಗದಲ್ಲಿ ಹೋದರೆ ನಾಲ್ಕು ದಿನದ ನಂತರ ಖಾಲಿ ಜಾಗ ಎಷ್ಟು? ಇದಕ್ಕೆ 'ಪ್ರೆಡಿಕ್ಟ್ ಲೀನಿಯರ್' ಎಂಬ ಫಂಕ್ಷನ್ ಇದೆ. ಅದಕ್ಕೆ ಹಿಂದಿನ ಮೂರು ದಿನದ ಲೆಕ್ಕ ಕೊಡಿ. ಬರೀ ಆರು ಗಂಟೆಯದು ಕೊಟ್ಟರೆ ರಾತ್ರಿ ಬ್ಯಾಕಪ್ ಆದ ಕೂಡಲೇ ನಾಳೆಯೇ ತುಂಬುತ್ತದೆ ಅಂತ ಕೂಗುತ್ತದೆ. ಒಂದು ರಾತ್ರಿ ಕೊಯ್ನಾ ಕಡೆ ಜೋರು ಮಳೆ ಆಯಿತು ಅಂತ ಮರುದಿನವೇ ಡ್ಯಾಂ ತುಂಬುತ್ತದೆಯೇ?

ದೂರದ ಶಾಖೆ ಇದ್ದರೆ

ಒಂದೇ ಕಟ್ಟಡದಲ್ಲಿ ಇರುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು.

ಇಳಕಲ್‌ನಲ್ಲೋ ಮುದ್ದೇಬಿಹಾಳದಲ್ಲೋ ಒಂದು ಶಾಖೆ ಇದ್ದರೆ ಮೀಟರ್ ರೀಡರ್ ಅಲ್ಲಿಗೆ ಹೋಗಲಾರ. ಸಾಮಾನ್ಯ ಇಂಟರ್ನೆಟ್ ಲೈನ್‌ನಲ್ಲಿ ಹೊರಗಿನಿಂದ ಒಳಗೆ ಬರಲು ದಾರಿಯೇ ಇರುವುದಿಲ್ಲ. ಆಗ ಶಾಖೆಯ ಕಲೆಕ್ಟರೇ ಲೆಕ್ಕ ತಂದು ಒಪ್ಪಿಸಬೇಕು. ಪ್ರೊಮಿಥಿಯಸ್ ಶುರು ಮಾಡುವಾಗ ಒಟಿಎಲ್‌ಪಿ (ಓಪನ್‌ಟೆಲಿಮೆಟ್ರಿ ಅಂಕಿ ಕಳಿಸುವ ಪದ್ಧತಿ) ರಿಸೀವರ್ ತೆರೆಯುವ ಫ್ಲ್ಯಾಗ್ ಕೊಡಿ. ಕಲೆಕ್ಟರ್‌ನಲ್ಲಿ ಒಟಿಎಲ್‌ಪಿ ಎಚ್‌ಟಿಟಿಪಿ ಎಕ್ಸ್‌ಪೋರ್ಟರ್ ಬರೆದು, ಎಂಡ್‌ಪಾಯಿಂಟ್ ದಾರಿಯನ್ನು ಎಪಿಐ, ವಿ1, ಒಟಿಎಲ್‌ಪಿ ಇಲ್ಲಿಗೇ ನಿಲ್ಲಿಸಿ. ಮುಂದಿನ ವಿ1, ಮೆಟ್ರಿಕ್ಸ್ ಭಾಗವನ್ನು ಅದು ತಾನೇ ಸೇರಿಸುತ್ತದೆ. ನೀವೂ ಬರೆದರೆ ಎರಡೆರಡು ಸಲ ಆಗಿ 404.

9090 ಪೋರ್ಟನ್ನು ರೂಟರ್‌ನಲ್ಲಿ ಹೊರಜಗತ್ತಿಗೆ ತೆರೆಯಬೇಡಿ. ಪ್ರೊಮಿಥಿಯಸ್‌ಗೆ ತಾನಾಗಿ ಪಾಸ್‌ವರ್ಡ್ ಇರುವುದಿಲ್ಲ. ವೈರ್‌ಗಾರ್ಡ್ ವಿಪಿಎನ್ ಹಾಕಿ, ಅದರ ಒಳಗೆ ಕಳಿಸಿ.

ಎರಡು ಶಾಖೆ ಇದ್ದರೆ ಒಂದೊಂದಕ್ಕೂ ಹೆಸರು ಕೊಡಲೇಬೇಕು. ಕಲೆಕ್ಟರ್‌ನ 'ರಿಸೋರ್ಸ್' ಪ್ರೊಸೆಸರ್‌ನಲ್ಲಿ ಸರ್ವಿಸ್ ನೇಮ್ ಮತ್ತು ಸರ್ವಿಸ್ ಇನ್‌ಸ್ಟನ್ಸ್ ಐಡಿ ಎರಡನ್ನೂ (ಇಲ್ಲಿ ಪದಗಳ ನಡುವೆ ಚುಕ್ಕೆ) ಬರೆಯಿರಿ. ಪ್ರೊಮಿಥಿಯಸ್ ಕಡೆ ಅವು ಜಾಬ್, ಇನ್‌ಸ್ಟನ್ಸ್ ಲೇಬಲ್ ಆಗುತ್ತವೆ. ಹೆಸರಿಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ವಿಜಯಪುರದ ಗೋಳಗುಮ್ಮಟಕ್ಕೆ ಶಾಲೆಯ ಟ್ರಿಪ್ ಬಸ್ ಬಂದಾಗ ಮೇಲೆ ಹತ್ತಿ ಎಲ್ಲ ಮಕ್ಕಳೂ ಒಟ್ಟಿಗೆ ಕೂಗುತ್ತಾರಲ್ಲ, ಆಗ ಯಾರ ದನಿ ಯಾವುದು ಅಂತ ಹೇಳಲು ಬರುತ್ತದೆಯೇ? ಹಾಗೇ ಎರಡೂ ಶಾಖೆಯ ಅಂಕಿ ಒಂದೇ ಸಾಲಿಗೆ ಬಂದು ಬೀಳುತ್ತದೆ.

ಈ ದಾರಿಯಲ್ಲಿ ಎರಡು ಕಷ್ಟ. ಲೈನ್ ಕಟ್ಟಾದರೆ ಕಲೆಕ್ಟರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಆದರೆ ತಾನಾಗಿ 5 ನಿಮಿಷ ಮಾತ್ರ. ಆಮೇಲೆ ಆ ಕಂತನ್ನು ಎಸೆದುಬಿಡುತ್ತದೆ. ನಮ್ಮ ಲೈನ್‌ಗಳು 5 ನಿಮಿಷದಲ್ಲಿ ಬರುವಂಥವಲ್ಲ. ರಿಟ್ರೈ ಸಮಯ ಹೆಚ್ಚಿಸಿ, ಸರದಿಯನ್ನು ಡಿಸ್ಕ್ ಮೇಲೆ ಬರೆಯುವ 'ಫೈಲ್ ಸ್ಟೋರೇಜ್' ಎಕ್ಸ್‌ಟೆನ್ಶನ್ ಹಾಕಿ. ತಡವಾಗಿ ಬಂದ ಅಂಕಿಯನ್ನು ಒಪ್ಪಿಕೊಳ್ಳಲು ಪ್ರೊಮಿಥಿಯಸ್‌ನಲ್ಲೂ 'ಔಟ್ ಆಫ್ ಆರ್ಡರ್ ಟೈಮ್ ವಿಂಡೋ' ಅಂತ ಒಂದು ಸಾಲು ಬೇಕು. 30 ನಿಮಿಷದಿಂದ ಶುರು ಮಾಡಿ.

ಇನ್ನೊಂದು ಕಷ್ಟ ಗಡಿಯಾರದ್ದು. ತಾನೇ ಓದಿದಾಗ ಪ್ರೊಮಿಥಿಯಸ್ ತನ್ನ ಗಡಿಯಾರ ನೋಡಿ ಸಮಯ ಬರೆಯುತ್ತದೆ. ತಂದು ಒಪ್ಪಿಸಿದಾಗ ಕಲೆಕ್ಟರ್ ಹೇಳಿದ ಸಮಯವೇ ಗತಿ. ಒಂದು ಶಾಖೆಯ ಪಿಸಿಯಲ್ಲಿ ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಅದು ಹಳೆಯ ವರ್ಷಕ್ಕೆ ಹೋಗಿ ಕೂರುತ್ತಿತ್ತು. ಅಂಕಿ ಹೊರಡುತ್ತಿತ್ತು, ಲಾಗ್‌ನಲ್ಲೂ ಕಾಣುತ್ತಿತ್ತು, ಗ್ರಫಾನಾ ಮಾತ್ರ ಖಾಲಿ. ಬ್ಯಾಟರಿ ಬದಲಿಸಿ, ಇಂಟರ್ನೆಟ್‌ನಿಂದ ಸಮಯ ಸರಿಮಾಡಿಕೊಳ್ಳುವ ಕ್ರೋನಿ ಪ್ರೋಗ್ರಾಂ ಹಾಕಿದ ಮೇಲೆ ಸರಿಹೋಯಿತು.

ಎಚ್ಚರಿಕೆ ಮೆಸೇಜ್

ದಿನವಿಡೀ ಡ್ಯಾಶ್‌ಬೋರ್ಡ್ ನೋಡುತ್ತಾ ಕೂರಲು ಯಾರಿಗೂ ಪುರಸೊತ್ತಿಲ್ಲ. ಗ್ರಫಾನಾದ ಅಲರ್ಟಿಂಗ್‌ನಲ್ಲಿ ಕಾಂಟ್ಯಾಕ್ಟ್ ಪಾಯಿಂಟ್ ಮಾಡಿ. ಟೆಲಿಗ್ರಾಂ ಸುಲಭ: ಒಂದು ಬಾಟ್ ಮಾಡಿ, ಅದರ ಟೋಕನ್ ಮತ್ತು ಗುಂಪಿನ ಚಾಟ್ ಐಡಿ ಹಾಕಿದರೆ ಆಯಿತು.

ಮೂರೇ ಎಚ್ಚರಿಕೆ ಇಡಿ. 'ಅಪ್' 5 ನಿಮಿಷ ಸೊನ್ನೆಯಾಗಿದ್ದರೆ ಒಂದು. ಡಿಸ್ಕ್ 85 ಪರ್ಸೆಂಟ್ ದಾಟಿದರೆ ಒಂದು. ನಾಲ್ಕು ದಿನದಲ್ಲಿ ತುಂಬುವ ಅಂದಾಜು ಬಂದರೆ ಒಂದು. ಸಿಪಿಯು 90 ಪರ್ಸೆಂಟ್ ಆಯಿತು ಅಂತೆಲ್ಲ ಇಡಬೇಡಿ. ತಿಂಗಳ ಬಡ್ಡಿ ಲೆಕ್ಕ ಹಾಕುವ ದಿನ ಅದು ಆಗಲೇಬೇಕು, ಆಗಲಿ.

ಪ್ರತಿ ಎಚ್ಚರಿಕೆಯಲ್ಲೂ 'ನೋ ಡೇಟಾ' ಆದಾಗ ಏನು ಮಾಡಬೇಕು ಅಂತ ಗ್ರಫಾನಾ ಕೇಳುತ್ತದೆ. ಡೋರ್ ಲಾಕ್ ನೆನಪಿದೆಯಲ್ಲ? ಡಿಸ್ಕ್‌ನ ಎಚ್ಚರಿಕೆಗೆ ಅಲ್ಲಿ 'ನಾರ್ಮಲ್' ಆರಿಸಿದರೆ, ಅಂಕಿ ಬರುವುದೇ ನಿಂತ ದಿನ ಎಲ್ಲ ಚೆನ್ನಾಗಿದೆ ಅಂದುಕೊಂಡು ಸುಮ್ಮನಿರುತ್ತದೆ. 'ಅಲರ್ಟಿಂಗ್' ಆರಿಸಿ. ತಂದು ಒಪ್ಪಿಸುವ ಶಾಖೆಗಳಿಗೆ 'ಅಪ್' ಎಂಬ ಅಂಕಿಯೇ ಹುಟ್ಟುವುದಿಲ್ಲ. ಅಲ್ಲಿ 'ಆಬ್ಸೆಂಟ್' ಫಂಕ್ಷನ್ ಹಾಕಿ ಹಾಜರಿ ತಗೊಳ್ಳಬೇಕು, ಬಾರದಿದ್ದರೆ ಗೈರು.

ಹಳೆ ಪಿಸಿಯನ್ನು ಯುಪಿಎಸ್‌ಗೆ ಸೇರಿಸಿ. ರೂಟರನ್ನೂ ಸೇರಿಸಿ.

ಕೊನೆಯ ಕೆಲಸ, ಬೇಕಂತಲೇ ಕೆಡಿಸಿ ನೋಡುವುದು. ಸಂಜೆ ಕೌಂಟರ್ ಮುಚ್ಚಿದ ಮೇಲೆ ಕಲೆಕ್ಟರ್ ಸರ್ವಿಸ್ ನಿಲ್ಲಿಸಿ ಗಡಿಯಾರ ನೋಡಿ. ಐದಾರು ನಿಮಿಷದಲ್ಲಿ ಮೆಸೇಜ್ ಬರಬೇಕು. ಮತ್ತೆ ಶುರು ಮಾಡಿದರೆ 'ರಿಸಾಲ್ವ್ಡ್' ಅಂತ ಇನ್ನೊಂದು ಬರಬೇಕು. ನಾನು ಹೀಗೆ ಪರೀಕ್ಷೆ ಮಾಡಿದಾಗ ಗುಂಪಿನಲ್ಲಿ ಸಂಘದ ಮ್ಯಾನೇಜರ್ ಕೂಡ ಇದ್ದಾರೆ ಅನ್ನುವುದು ಮರೆತೇಹೋಗಿತ್ತು. ಮೆಸೇಜ್ ಹೋದ ಮರುನಿಮಿಷ ಅವರ ಫೋನ್. "ಸರ್, ಏನೋ ಡೌನ್ ಆಗೇತಿ ಅಂತ ಬಂದೈತ್ರಿ. ಊಟಕ್ಕ ಕುಂತೀನಿ, ಎದ್ದು ಬರ್ಲೇನ್ರಿ?" ಈಗ ಅವರಿಗೆ ಡಿಸ್ಕ್‌ನ ಮೆಸೇಜ್ ಮಾತ್ರ ಹೋಗುತ್ತದೆ.